ಮಠ ಇದೆ, ಸ್ವಾಮಿಗಳೆಲ್ಲಿ?

ಪ್ರಶ್ನೆ: ಮೇಷ್ಟ್ರೇ, ಹೋದ ತಿಂಗಳು ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿದ್ದೆವು. ಅಂಕಲಿ ಮಠ ಇದೆ ಎಂದು ಕೇಳಿ ನಮ್ಮತ್ತೆ ಹಣ್ಣು-ಕಾಯಿ ತಂದಿದ್ದರು. ಅಲ್ಲಿ ಸ್ವಾಮಿಗಳೂ ಇಲ್ಲ, ದಾಸೋಹವೂ ಇಲ್ಲ, ಬರೀ ಕತ್ತಲೆ ಗುಹೆ. ಇದು ಎಂಥ ಮಠ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಗಬಾರದು, ಆದರೂ ನಗು ಬಂತು. ನಾನೂ ಹೀಗೇ ಮೋಸ ಹೋದವನು. ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ನಮ್ಮ ಕಡೆ ಮಠ ಅಂದರೆ ಊಟ ಇದ್ದೇ ಇರುತ್ತೆ, ಅಲ್ವಾ? ಅದೇ ನಂಬಿಕೆಯಲ್ಲಿ ಅವ್ವ ಕಟ್ಟಿಟ್ಟ ಬುತ್ತಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ಸಿಕ್ಕಿದ್ದು ಬಾವಲಿ ವಾಸನೆ!

ಆದರೆ ಅದು ನಿಜವಾಗಿಯೂ ಮಠವೇ. ಬೆಳಗಾವಿ ಕಡೆಯ ಅಂಕಲಗಿಯಿಂದ ಬಂದ ಸನ್ಯಾಸಿಗಳು ಇಲ್ಲಿ ತಪಸ್ಸಿಗೆ ಕೂತರಂತೆ, ಹೆಸರು ಅದರಿಂದಲೇ ಬಂತು ಅನ್ನುತ್ತಾರೆ. ಈಗ ಅಲ್ಲಿ ಯಾರೂ ವಾಸ ಇಲ್ಲ. ಕೋಣೆಗಳು ಮಾತ್ರ ಇವೆ. ಅವನ್ನು ಸುಮ್ನೆ ಗುಹೆ ಅಂದುಬಿಟ್ಟರೆ ನನಗೆ ಬೇಜಾರು. ತಲೆ ತಗ್ಗಿಸಿ ಇಳಿಯಿರಿ, ಒಂದರ ಕೆಳಗೆ ಒಂದು ಕೋಣೆ. ಪೂಜೆಗೆ ಬೇರೆ, ಸ್ನಾನಕ್ಕೆ ಬೇರೆ, ಧ್ಯಾನಕ್ಕೆ ಕೂರಲು ಕಲ್ಲಿನ ಕಟ್ಟೆ. ಗೋಡೆಯ ಮೇಲೆ ಹಳೇ ಬಣ್ಣದ ಚಿತ್ತಾರ ಅಲ್ಲಲ್ಲಿ ಉಳಿದಿದೆ. ಆವತ್ತು ನಮ್ಮ ಜೊತೆ ಬಂದಿದ್ದಾತ ಒಂದು ಕೋಣೆಯಲ್ಲಿ ಟಾರ್ಚ್ ಆರಿಸಿದ. ನನ್ನ ಕೈ ನನಗೇ ಕಾಣಲಿಲ್ಲ. ಪಕ್ಕದ ಹುಡುಗನ ಉಸಿರು ಮಾತ್ರ ಕೇಳುತ್ತಿತ್ತು. ಹೊರಗೆ ಉರಿಬಿಸಿಲು, ಒಳಗೆ ಮಡಕೆ ನೀರಿನಂಥ ತಂಪು. ಸನ್ಯಾಸಿಗಳು ಯಾಕೆ ಇಲ್ಲೇ ಕೂತರು ಅಂತ ಆಗ ಗೊತ್ತಾಯಿತು.

ಹತ್ತಿರದಲ್ಲೇ ಪಂಚಲಿಂಗ ಗುಹೆ. ಐದು ಲಿಂಗಗಳನ್ನು ಪಾಂಡವರೇ ಇಟ್ಟರು ಅನ್ನೋದು ಊರವರ ಮಾತು. ಅಲ್ಲಿ 1286ರ ಹೊಯ್ಸಳರ ಕಾಲದ ಶಾಸನ ಇದೆ.

ಸನ್ಯಾಸಿಗಳು ಇಲ್ಲೇ ಕೂರಲು ಇನ್ನೊಂದು ಕಾರಣ ನೀರು. ಮೂರು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಕದಂಬರ ಮಯೂರಶರ್ಮ ಕೆರೆ ಮಾಡಿಸಿದ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ, ಪ್ರಾಕೃತದಲ್ಲಿ, ಮೂರೇ ಸಾಲಿನಲ್ಲಿ ಹಾಗಂತ ಬರೆಸಿದ್ದಾನೆ. ಅದನ್ನು ಗುರುತಿಸಿದವರು ಪುರಾತತ್ವಜ್ಞ ಡಾ. ಎಂ.ಎಚ್. ಕೃಷ್ಣ, 1929ರಲ್ಲಿ. ಅವರು ಇಲ್ಲೇ ಅಗೆಸಿದರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಶಾತವಾಹನರ ನಾಣ್ಯ, ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಸನ್ಯಾಸಿಗಳು ಬರುವ ಎಷ್ಟೋ ಮೊದಲೇ ಇದು ಜನ ತುಂಬಿದ ಊರು ಅಂತಾಯಿತಲ್ಲ! ನೀವು ಆ ಬಂಡೆಯನ್ನು ನೋಡದೇ ದಾಟಿ ಬಂದಿರುತ್ತೀರಿ, ಹೆಚ್ಚಿನವರು ಹಾಗೇ ಮಾಡುತ್ತಾರೆ.

ಅತ್ತೆಯವರಿಗೆ ಹೇಳಿ, ಕಾಯಿ ಒಡೆಸಲು ಭೈರವೇಶ್ವರ ಇದ್ದಾನೆ. ಮುಂದಿನ ಸಲ ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡು ಹೋಗಿ. ಬುತ್ತಿ ಮರೀಬೇಡಿ.