ಕಡಿಮೆ ಜನ, ದೊಡ್ಡ ದಂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1971ರ ಪಾಕಿಸ್ತಾನ ಯುದ್ಧದಲ್ಲಿ, ಲೋಂಗೇವಾಲಾ ಎಂಬಲ್ಲಿ ನಮ್ಮ 120 ಜನ ಸೇರಿ ಎರಡು ಸಾವಿರ ಸೈನಿಕರನ್ನೂ ಟ್ಯಾಂಕುಗಳನ್ನೂ ತಡೆದರು ಅಂತಾರೆ. ‘ಬಾರ್ಡರ್’ ಸಿನಿಮಾ ನೋಡಿದ ಮೇಲೆ ನನಗೆ ಅನುಮಾನ ಜಾಸ್ತಿಯಾಯಿತು. ಇದು ನಿಜಾನಾ, ಸುಮ್ನೆ ಉಬ್ಬಿಸಿದ್ದಾ?
– ಓದುಗರೊಬ್ಬರು, ರಾಯಚೂರು

ನಿಜಾನೇ. ಆದರೆ ಸಿನಿಮಾದ ಹಾಗಲ್ಲ. ತೆರೆ ಮೇಲೆ ನಮ್ಮ ಸೈನಿಕರು ಒಬ್ಬರಾದ ಮೇಲೆ ಒಬ್ಬರು ಸಾಯುತ್ತಾರೆ. ಅವತ್ತು ಆ ಪೋಸ್ಟ್‌ನಲ್ಲಿ ಸತ್ತವರು ಇಬ್ಬರು. ಕೇಳಿದರೆ ಯಾರೂ ನಂಬುವುದಿಲ್ಲ, ಅಲ್ವಾ? ಅಷ್ಟು ಕಡಿಮೆ ಯಾಕೆ ಅನ್ನೋದರಲ್ಲೇ ಇಡೀ ಕಥೆ ಇದೆ.

1971ರ ಡಿಸೆಂಬರ್ 4ರ ರಾತ್ರಿ. ರಾಜಸ್ಥಾನದ ಗಡಿಯಿಂದ ಸುಮಾರು 15 ಕಿಲೋಮೀಟರ್ ಒಳಗೆ, ಒಂದು ಮರಳುದಿಬ್ಬದ ಮೇಲೆ 23 ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಅಂದರೆ ಆ 120 ಜನರ ತುಕಡಿ ಇತ್ತು. ಮುಖ್ಯಸ್ಥರು ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ. ಗಸ್ತು ಹೋಗಿದ್ದ ಲೆಫ್ಟಿನೆಂಟ್ ಧರಮ್ ವೀರ್ ತಂಡದವರಿಗೆ ಕತ್ತಲಲ್ಲಿ ಟ್ಯಾಂಕಿನ ಸದ್ದು ಕೇಳಿತು. ಬರುತ್ತಿದ್ದದ್ದು ಪಾಕಿಸ್ತಾನದ ಒಂದು ಬ್ರಿಗೇಡ್, ಅಂದರೆ ನೀವು ಹೇಳಿದ ಆ ಎರಡು ಸಾವಿರ ಸೈನಿಕರು, ಜೊತೆಗೆ ನಲವತ್ತರಷ್ಟು ಟ್ಯಾಂಕು. ಬೆಳಗಿನ ತಿಂಡಿ ಲೋಂಗೇವಾಲಾದಲ್ಲಿ, ರಾತ್ರಿ ಊಟ ಜೈಸಲ್ಮೇರಿನಲ್ಲಿ ಅಂತ ಅವರ ಲೆಕ್ಕವಿತ್ತು ಎಂದು ಹೇಳುವುದುಂಟು. ಚಾಂದಪುರಿ ಹೆಚ್ಚಿನ ಸೈನ್ಯ ಕೇಳಿದರು. ರಾತ್ರಿ ಕಳಿಸಲು ಸಾಧ್ಯವಿರಲಿಲ್ಲ. ಇರುತ್ತೀರೋ ಹಿಂದೆ ಬರುತ್ತೀರೋ ನೀವೇ ನೋಡಿ ಎಂಬ ಉತ್ತರ ಬಂತು. ಮರುಭೂಮಿಯಲ್ಲಿ ಗಾಡಿಯಿಲ್ಲದೆ ನಡೆದು ಹೊರಟರೆ ಟ್ಯಾಂಕಿನ ಬಾಯಿಗೆ ಸಿಕ್ಕ ಹಾಗೇ. ಅವರು ಅಲ್ಲೇ ಉಳಿದರು. ಇದನ್ನು ಬರೀ ಧೈರ್ಯ ಅನ್ನೋದಕ್ಕಿಂತ ಒಳ್ಳೆ ಲೆಕ್ಕಾಚಾರ ಅಂತ ನಾನು ಹೇಳುತ್ತೇನೆ.

ಮುಂದಿನದ್ದು ಇನ್ನೂ ಸ್ವಾರಸ್ಯವಾಗಿದೆ. ಟ್ಯಾಂಕುಗಳು ತೀರಾ ಹತ್ತಿರ ಬರುವ ತನಕ ಇವರು ಗುಂಡು ಹಾರಿಸಲಿಲ್ಲ. ಆಮೇಲೆ ಜೀಪಿನ ಮೇಲೆ ಕೂರಿಸಿದ್ದ ಟ್ಯಾಂಕ್ ಹೊಡೆಯುವ ಗನ್ನಿನಿಂದ ಹೊಡೆದರು. ದಿಬ್ಬದ ಮೇಲಿಂದ ಹೊಡೆದರೆ ಟ್ಯಾಂಕಿನ ಮೇಲ್ಭಾಗಕ್ಕೆ ಬೀಳುತ್ತದೆ. ಅಲ್ಲಿ ಉಕ್ಕಿನ ತಗಡು ತೆಳ್ಳಗೆ. ದೂರ ಹೋಗಬೇಕಿದ್ದದ್ದರಿಂದ ಟ್ಯಾಂಕಿನ ಹೊರಗೇ ಡೀಸೆಲ್ ಕಟ್ಟಿಕೊಂಡು ಬಂದಿದ್ದರು, ಅದಕ್ಕೆ ಬೆಂಕಿ ಹತ್ತಿತು. ಆ ಬೆಳಕಿನಲ್ಲಿ ಉಳಿದ ಟ್ಯಾಂಕುಗಳು ಕಾಣತೊಡಗಿದವು. ಅಷ್ಟರಲ್ಲಿ ಕಾಲಾಳುಗಳು ಮುಂದೆ ಬಂದು ಒಂದು ಮುಳ್ಳುತಂತಿ ಬೇಲಿ ಹತ್ತಿರ ನಿಂತುಬಿಟ್ಟರು. ಬೇಲಿ ಇದೆ ಅಂದಮೇಲೆ ಒಳಗೆ ನೆಲಬಾಂಬು ಇರಲೇಬೇಕು ಅಂದುಕೊಂಡರು. ಅದನ್ನು ಪರೀಕ್ಷೆ ಮಾಡುವವರನ್ನು ಕರೆಸಿ, ಏನೂ ಇಲ್ಲ ಅಂತ ಗೊತ್ತಾಗೋ ಹೊತ್ತಿಗೆ ಸುಮಾರು ಎರಡು ಗಂಟೆ ಕಳೆದಿತ್ತು. ಆ ರಾತ್ರಿ ನಮ್ಮವರಿಗೆ ಬೇಕಾಗಿದ್ದದ್ದೇ ಅದು, ಹೊತ್ತು ಕಳೆಯುವುದು.

ಯಾಕಂದರೆ ಜೈಸಲ್ಮೇರಿನಲ್ಲಿದ್ದ ನಮ್ಮ ವಾಯುಸೇನೆಯ ಹಂಟರ್ ಯುದ್ಧವಿಮಾನಗಳಿಗೆ ಕತ್ತಲಲ್ಲಿ ಹೋರಾಡಲು ಬರುತ್ತಿರಲಿಲ್ಲ. ಬೆಳಕು ಹರಿಯುತ್ತಲೇ ಅವು ಬಂದವು. ಬಯಲು ಮರಳಿನಲ್ಲಿ ಟ್ಯಾಂಕಿಗೆ ಅವಿತುಕೊಳ್ಳಲು ಒಂದು ಮರವೂ ಇಲ್ಲ, ಮೇಲೆ ಪಾಕಿಸ್ತಾನದ ಒಂದು ವಿಮಾನವೂ ಇಲ್ಲ. ಎಲ್ಲಿ ಹೊಡೆಯಬೇಕು ಅಂತ ಹಂಟರ್‌ಗಳಿಗೆ ದಾರಿ ತೋರಿಸಿದ್ದು ಕೃಷಕ್ ಎಂಬ ಪುಟ್ಟ ವಿಮಾನ, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಇದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ, ಅದಕ್ಕೇ ಹೇಳಿದೆ. ಟ್ಯಾಂಕು ಹೊಡೆದದ್ದು ಭೂಸೇನೆಯಾ ವಾಯುಸೇನೆಯಾ ಅಂತ ಆಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಹೆಚ್ಚು ಟ್ಯಾಂಕು ವಿಮಾನದ ಏಟಿಗೇ ಹೋದವು ಅನ್ನೋದು ಸರಿ. ಆದರೆ ರಾತ್ರಿಯಿಡೀ ಅವನ್ನು ಅಲ್ಲಿ ನಿಲ್ಲಿಸಿಕೊಂಡವರು ಬೇಕಲ್ಲ? ಚಾಂದಪುರಿಯವರಿಗೆ ಮಹಾವೀರ ಚಕ್ರ ಸಿಕ್ಕಿತು, ಸಿಗಬೇಕಾದದ್ದೇ.

ಪ್ರಶ್ನೆ: ಒನಕೆ ಓಬವ್ವ ಒಬ್ಬಳೇ ಅಷ್ಟು ಜನರನ್ನು ಹೊಡೆದದ್ದು ಯುದ್ಧದ ಲೆಕ್ಕದಲ್ಲಿ ಸಾಧ್ಯವಾ? ಒಬ್ಬ ಕಾಯುವವನಿಗೆ ಮೂವರು ನುಗ್ಗುವವರು ಬೇಕು ಅಂತ ಎಲ್ಲೋ ಓದಿದ್ದೆ.
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ನಿಮ್ಮೂರಲ್ಲೇ ಕಿಂಡಿ ಇದೆ, ಹೋಗಿ ಒಳಗೆ ನುಸುಳಿ ನೋಡಿ. ಒಂದು ಸಲಕ್ಕೆ ಒಬ್ಬರೇ ಬರಬಹುದು, ಅದೂ ಬಗ್ಗಿಕೊಂಡು. ಹೈದರಾಲಿಯ ದಂಡು ಎಷ್ಟೇ ದೊಡ್ಡದಿರಲಿ, ಕಿಂಡಿಯ ಬಾಯಲ್ಲಿ ಅದು ಒಬ್ಬ ಮನುಷ್ಯ ಮಾತ್ರ. ಒಬ್ಬರಿಗೆ ಮೂವರು ಅನ್ನೋದು ಅಂದಾಜಿನ ಮಾತು. ಅದನ್ನು ಇಡೀ ಸೈನ್ಯಕ್ಕೆ ಹಾಕಿ ನೋಡಬಾರದು, ಹೊಡೆದಾಟ ನಡೆಯುವ ಜಾಗಕ್ಕೆ ಹಾಕಿ ನೋಡಬೇಕು.

ದೊಡ್ಡ ಮಟ್ಟದಲ್ಲಿ ಇದನ್ನೇ ಮಾಡಿದವರು ಫಿನ್ಲೆಂಡಿನವರು. 1939ರ ನವೆಂಬರ್ 30ಕ್ಕೆ ಸೋವಿಯತ್ ಸೈನ್ಯ ಅವರ ಮೇಲೆ ಬಿತ್ತು. ಸುವೊಮುಸ್ಸಾಲ್ಮಿ ಅನ್ನೋ ಊರಿನ ಹತ್ತಿರ ರಾತೆ ಎಂಬ ರಸ್ತೆ, ಎರಡೂ ಕಡೆ ದಟ್ಟ ಕಾಡು, ಆಳವಾದ ಹಿಮ. ಸೋವಿಯತ್‌ನ 44ನೇ ಡಿವಿಷನ್, ಸಾವಿರಾರು ಸೈನಿಕರ ದಂಡು, ಆ ಒಂದೇ ರಸ್ತೆಯಲ್ಲಿ ಮೈಲಿಗಟ್ಟಲೆ ಸಾಲುಗಟ್ಟಿ ನಿಂತಿತ್ತು. ಟ್ಯಾಂಕು, ಲಾರಿ, ಕುದುರೆ ಎಲ್ಲ ಇತ್ತು, ರಸ್ತೆ ಬಿಟ್ಟು ಇಳಿಯೋ ಹಾಗಿರಲಿಲ್ಲ. ಫಿನ್ನರು ಬಿಳಿ ಬಟ್ಟೆ ಹಾಕಿಕೊಂಡು ಸ್ಕೀ ಮೇಲೆ ಕಾಡಿನಿಂದ ಬಂದು ಆ ಸಾಲನ್ನು ಅಲ್ಲಲ್ಲಿ ಕತ್ತರಿಸಿದರು. ತುಂಡು ತುಂಡಾದ ಮೇಲೆ ಒಂದು ತುಂಡಿಗೆ ಇನ್ನೊಂದು ಸಹಾಯಕ್ಕೆ ಬರಲಾಗಲಿಲ್ಲ. ಫಿನ್ನರು ಮೊದಲು ಹುಡುಕಿ ಹೊಡೆದದ್ದು ಸೋವಿಯತ್ ಸೈನ್ಯದ ಅಡುಗೆ ಗಾಡಿಗಳನ್ನು. ಆ ಚಳಿಯಲ್ಲಿ ಬಿಸಿ ಊಟ ಇಲ್ಲದಿದ್ದರೆ ಸೈನಿಕ ಎಷ್ಟು ದಿನ ತಡೆದಾನು? 1940ರ ಜನವರಿ ಮೊದಲ ವಾರ ಮುಗಿಯೋದರೊಳಗೆ ಆ ಡಿವಿಷನ್ ಮುಗಿದಿತ್ತು.

ಆದರೂ ಮಾರ್ಚ್‌ನಲ್ಲಿ ಫಿನ್ಲೆಂಡ್ ಒಪ್ಪಂದಕ್ಕೆ ಸಹಿ ಹಾಕಿತು, ನೆಲದ ಹತ್ತನೇ ಒಂದು ಪಾಲಿನಷ್ಟು ಬಿಟ್ಟುಕೊಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಬರಬೇಕಾಯಿತು. ದೇಶ ಮಾತ್ರ ಉಳಿಯಿತು.

ಪ್ರಶ್ನೆ: ರೆಜಾಂಗ್ ಲಾದಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು, ಬೆಟ್ಟವೂ ಹೋಯಿತು. ಮತ್ತೆ ಅದನ್ನು ಅಷ್ಟು ದೊಡ್ಡದು ಮಾಡೋದು ಯಾಕೆ? ಸಿಟ್ಟಾಗಬೇಡಿ, ಸುಮ್ನೆ ಕೇಳ್ತಿದ್ದೇನೆ.
– ನಿವೃತ್ತ ಶಿಕ್ಷಕರು, ಶಿರಸಿ

ಸಿಟ್ಟು ಯಾಕೆ ಸಾರ್, ಸರಿಯಾದ ಪ್ರಶ್ನೆಯೇ. ಲೋಂಗೇವಾಲಾದಲ್ಲಿ ಇದ್ದ ಒಂದೊಂದು ಅನುಕೂಲವೂ ಇಲ್ಲಿರಲಿಲ್ಲ. 1962ರ ಚೀನಾ ಯುದ್ಧ, ನವೆಂಬರ್ 18, ಲಡಾಖಿನ ಚುಶುಲ್ ಹತ್ತಿರ, 16,000 ಅಡಿಗೂ ಮೇಲೆ. ಮೇಜರ್ ಶೈತಾನ್ ಸಿಂಗ್ ಕೈಕೆಳಗೆ 13 ಕುಮಾವ್ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಬಹುತೇಕ ಎಲ್ಲರೂ ಹರಿಯಾಣ ಕಡೆಯ ಅಹೀರ್ ಹುಡುಗರು, ಬಯಲುಸೀಮೆಯವರು, ಹಿಮ ಕಂಡವರಲ್ಲ. ಕೈಯಲ್ಲಿ ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ಹಳೇ ರೈಫಲ್. ನಮ್ಮ ಫಿರಂಗಿಗಳು ಹಿಂದೆ ಇದ್ದವು, ಆದರೆ ನಡುವೆ ಬೆಟ್ಟದ ನೆತ್ತಿ ಅಡ್ಡ. ಹಾಗಾಗಿ ಈ ಕಂಪನಿಗೆ ಫಿರಂಗಿಯ ಬೆಂಬಲವೇ ಇರಲಿಲ್ಲ. ವಿಮಾನವಂತೂ ಆ ಯುದ್ಧದಲ್ಲಿ ಬಾಂಬು ಹಾಕಲು ಹೋಗಲೇ ಇಲ್ಲ. ಕಂಪನಿಯ ಮೂರು ಪ್ಲಟೂನುಗಳು, ಅಂದರೆ ಚಿಕ್ಕ ತುಕಡಿಗಳು, ಒಂದಕ್ಕೊಂದು ದೂರ ದೂರ.

ಚೀನೀಯರು ಮೊದಲು ಎದುರಿಂದ ಬಂದರು, ಹೊಡೆತ ತಿಂದು ಹಿಂದೆ ಹೋದರು. ಆಮೇಲೆ ಸುತ್ತಿ ಹಿಂದಿನಿಂದ ಬಂದರು. ಶೈತಾನ್ ಸಿಂಗ್ ಗುಂಡೇಟಿನ ನಡುವೆಯೇ ಒಂದು ಪ್ಲಟೂನಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಗಾಯಗೊಂಡ ಮೇಲೆ ತನ್ನನ್ನು ಬಿಟ್ಟು ಹೋಗಿ ಅಂತ ಹೊತ್ತುಕೊಂಡವರಿಗೆ ಹೇಳಿದರು. 110ರಷ್ಟು ಜನ ಸತ್ತರು. ಉಳಿದ ಕೆಲವರು ಕೆಳಗೆ ಬಂದು ನಡೆದದ್ದನ್ನು ಹೇಳಿದರೆ ಮೊದಮೊದಲು ನಂಬಿದವರು ಕಡಿಮೆ! ಫೆಬ್ರವರಿಯಲ್ಲಿ ಮೇಲೆ ಹೋಗಿ ನೋಡಿದಾಗ ಹೆಣಗಳು ಕಂದಕದಲ್ಲೇ ಇದ್ದವು, ಹಲವರ ಕೈಯಲ್ಲಿ ಆಯುಧ ಹಾಗೇ. ಆಗ ಆ ಮಾತೆಲ್ಲ ನಿಜ ಅಂತ ಗೊತ್ತಾಯಿತು. ಶೈತಾನ್ ಸಿಂಗ್‌ಗೆ ಪರಮವೀರ ಚಕ್ರ ಕೊಟ್ಟರು.

ಏನು ಸಿಕ್ಕಿತು ಅಂದರೆ, ನವೆಂಬರ್ 21ಕ್ಕೆ ಚೀನಾ ತಾನಾಗಿ ಕದನವಿರಾಮ ಘೋಷಿಸಿತು, ಚುಶುಲ್ ನಮ್ಮ ಕೈಯಲ್ಲೇ ಉಳಿಯಿತು. ಇವರಿಂದಲೇ ಉಳಿಯಿತು ಅಂತ ಅಷ್ಟು ಸಲೀಸಾಗಿ ನಾನು ಹೇಳಲಾರೆ, ಸುತ್ತಲ ಎತ್ತರದ ಜಾಗಗಳನ್ನು ನಾವೇ ಬಿಟ್ಟು ಬಂದಿದ್ದೆವು. ನನ್ನ ತಕರಾರು ಬೇರೆ. ಅವರ ಧೈರ್ಯ ಹಾಡಿ ಹೊಗಳುವ ನಾವು, ಫಿರಂಗಿ ತಲುಪದ ಜಾಗದಲ್ಲಿ ಆ ಹುಡುಗರನ್ನು ನಿಲ್ಲಿಸಿದ್ದು ಯಾಕೆ ಅಂತ ಕೇಳುವುದಿಲ್ಲ. ಅಂದಹಾಗೆ, ಕೊಡಗಿನ ಜನರಲ್ ತಿಮ್ಮಯ್ಯ ಕೂಡ ಕುಮಾವ್ ರೆಜಿಮೆಂಟಿನವರೇ. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿದವರು ಅವರು. 1961ರಲ್ಲಿ ನಿವೃತ್ತರಾಗಿದ್ದರು.

ಪ್ರಶ್ನೆ: ಕಿತ್ತೂರು ಸೋತದ್ದು ತೋಪಿನ ಮದ್ದಿಗೆ ಸಗಣಿ ಬೆರೆಸಿದ್ದರಿಂದಲೇ ತಾನೇ?
– ಓದುಗರು, ಬೈಲಹೊಂಗಲ

ನಿಮ್ಮ ಕಡೆಯ ಜನ ಹಾಗೆ ಹೇಳುತ್ತಾ ಬಂದಿದ್ದಾರೆ, ದ್ರೋಹ ನಡೆದೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ಆದರೆ ಎರಡು ತಾರೀಖು ಜೊತೆಗಿಟ್ಟು ನೋಡಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಣ್ಣ ದಂಡು ಕಟ್ಟಿಕೊಂಡು ಕೋಟೆ ಬಾಗಿಲಿಗೆ ಬಂದ. ಬಾಗಿಲು ತೆರೆದು ಒಳಗಿನವರು ಒಮ್ಮೆಲೇ ಹೊರಗೆ ನುಗ್ಗಿದರು, ಥ್ಯಾಕರೆ ಸತ್ತ. ಅವತ್ತು ಕಡಿಮೆ ಜನ ಇದ್ದದ್ದು ಇಂಗ್ಲಿಷರ ಕಡೆ! ಡಿಸೆಂಬರ್ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಬೇರೆ ಬೇರೆ ದಂಡುಗಳಿಂದ ಸೈನ್ಯ ಮತ್ತು ಕೋಟೆ ಒಡೆಯುವ ತೋಪುಗಳನ್ನು ತಂದು ನಿಲ್ಲಿಸಿತು, ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಎಷ್ಟು ದಿನ ತಡೆದರೂ ನೆರವಿಗೆ ಬರುವ ಇನ್ನೊಂದು ಸೈನ್ಯ ಎಲ್ಲಿಯೂ ಇರಲಿಲ್ಲ. ಮದ್ದು ಚೊಕ್ಕವಾಗಿದ್ದರೆ ಇನ್ನಷ್ಟು ದಿನ ನಿಲ್ಲುತ್ತಿದ್ದರೇನೋ, ಅಷ್ಟೇ.

ಪ್ರಶ್ನೆ: ಇಂಥವನ್ನೆಲ್ಲ ಮಕ್ಕಳಿಗೆ ತೋರಿಸಲು ಎಲ್ಲಿಗೆ ಹೋಗಬೇಕು? ರಾಜಸ್ಥಾನ ದೂರ.
– ಗೃಹಿಣಿ, ತುಮಕೂರು

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಯುದ್ಧವಿಮಾನ ಇದೆ, 1971ರಲ್ಲಿ ರಾಜಸ್ಥಾನದ ಕಡೆ ಹಾರಿದ್ದು ಇದೇ ಮಾದರಿ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ. ಚಿತ್ರದುರ್ಗವಂತೂ ನಿಮಗೆ ಪಕ್ಕದಲ್ಲೇ. ಲೋಂಗೇವಾಲಾಗೆ ಯಾವಾಗಲಾದರೂ ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ, ಬೇಸಿಗೆಯಲ್ಲಿ ಬೇಡವೇ ಬೇಡ. ಜೈಸಲ್ಮೇರಿನಿಂದ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ಕುಡಿಯುವ ನೀರು ಜೊತೆಗಿರಲಿ.