ಹಲ್ಲಿನ ಸೆಟ್ ಮಾಡುವ ಡೆಂಟಲ್ ಮೆಕ್ಯಾನಿಕ್ ನೇರವಾಗಿ ರೋಗಿಯ ಬಾಯಿಯ ಅಳತೆ ತೆಗೆದುಕೊಳ್ಳಬಹುದೇ?

ಭಾರತದಲ್ಲಿ ತೆಗೆದುಕೊಳ್ಳುವಂತಿಲ್ಲ. 1948ರ ದಂತವೈದ್ಯರ ಕಾಯ್ದೆಯು ಡೆಂಟಲ್ ಮೆಕ್ಯಾನಿಕ್ ಎಂದರೆ ಹಲ್ಲಿನ ಸೆಟ್ ಹಾಗೂ ದಂತ ಸಾಧನಗಳನ್ನು ತಯಾರಿಸುವ ಅಥವಾ ದುರಸ್ತಿ ಮಾಡುವ ವ್ಯಕ್ತಿ ಎಂದಷ್ಟೇ ಹೇಳುತ್ತದೆ. ಬಾಯಿಯನ್ನು ಪರೀಕ್ಷಿಸುವುದು, ಅಚ್ಚು ತೆಗೆಯುವುದು, ಸಿದ್ಧವಾದ ಸೆಟ್ಟನ್ನು ಕೂರಿಸಿ ನೋಡುವುದು ದಂತವೈದ್ಯರ ಕೆಲಸ. ಅವರು ಕಳಿಸಿದ ಅಚ್ಚಿನ ಮೇಲೆ ಲ್ಯಾಬಿನಲ್ಲಿ ನಡೆಯುವ ಕೆಲಸ ಮಾತ್ರ ಮೆಕ್ಯಾನಿಕ್‌ನದು. ಹಳೆಯ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ.

ಈ ಗೆರೆ ವೈದ್ಯರ ವೃತ್ತಿಹಿತಕ್ಕಾಗಿ ಎಳೆದದ್ದೆಂಬ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೂ ಎಲೆ ಅಡಿಕೆ, ತಂಬಾಕು ಜಗಿಯುವ ರೂಢಿ ಇರುವ ನಮ್ಮಲ್ಲಿ, ಸೆಟ್ ಕೂರದಿರುವುದಕ್ಕೆ ಕೆಲವೊಮ್ಮೆ ಕಾರಣ ಒಸಡಿನ ಗಡ್ಡೆಯೋ ಮಾಯದ ಹುಣ್ಣೋ ಆಗಿರಬಹುದಾದ್ದರಿಂದ, ಅದನ್ನು ಗುರುತಿಸುವ ತರಬೇತಿಯಿಲ್ಲದವರು ಸೆಟ್ಟನ್ನು ಮತ್ತೆ ಮತ್ತೆ ಉಜ್ಜಿ ಸರಿಪಡಿಸುತ್ತಾ ಹೋದರೆ ಕ್ಯಾನ್ಸರ್ ಪತ್ತೆಯಾಗುವುದೇ ತಡವಾಗುತ್ತದೆ.

ಬ್ರಿಟನ್ ಬೇರೆ ದಾರಿ ಹಿಡಿದಿದೆ. ಅಲ್ಲಿ 2008ರಿಂದ ದಂತ ತಂತ್ರಜ್ಞರ ನೋಂದಣಿ ಕಡ್ಡಾಯವಾಗಿದ್ದು, ಹೆಚ್ಚಿನ ತರಬೇತಿ ಪಡೆದ ಕ್ಲಿನಿಕಲ್ ಡೆಂಟಲ್ ಟೆಕ್ನಿಷಿಯನ್‌ಗಳು ಒಂದೂ ಹಲ್ಲಿಲ್ಲದವರಿಗೆ ಪೂರ್ಣ ಸೆಟ್ಟನ್ನು ನೇರವಾಗಿ ಕೊಡಬಹುದು. ಸ್ವಂತ ಹಲ್ಲು ಉಳಿದಿದ್ದರೆ ಅಥವಾ ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸಿದ ಕೃತಕ ಬೇರು) ಇದ್ದರೆ ಮೊದಲು ದಂತವೈದ್ಯರು ನೋಡಲೇಬೇಕು. ನಿಷೇಧವೊಂದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಹೀಗೆ ತರಬೇತಿಗೆ ತಕ್ಕಂತೆ ಅಧಿಕಾರ ಹಂಚುವುದು ಹೆಚ್ಚು ವಿವೇಕದ ಕ್ರಮವೆಂದು ನನಗೆ ತೋರುತ್ತದೆ.