ಉಜ್ಜಿದರೆ ಬಟ್ಟಲು ಹಾಡುವುದು ಹೇಗೆ?

ಪ್ರಶ್ನೆ: ಬೈಲುಕುಪ್ಪೆಗೆ ಹೋದಾಗ ಟಿಬೆಟನ್ನರ ಅಂಗಡಿಯಿಂದ ಒಂದು ಹಾಡುವ ಬಟ್ಟಲು ತಂದೆವು. ಬಡಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ, ಅದು ಸರಿ. ಅಂಚಿಗೆ ಕೋಲು ಒತ್ತಿ ಸುಮ್ನೆ ಸುತ್ತಿಸಿದರೂ ಗುಂಯ್ ಅಂತ ಸ್ವರ ಏಳುತ್ತದಲ್ಲ, ಹೇಗೆ? ಸದ್ದು ಅಲೆ ಅಲೆಯಾಗಿ ಏರಿಳಿಯುವುದು ಯಾಕೆ? ಏಳು ಲೋಹದ್ದು ಅಂದರು, ನಿಜವಾ?
– ಓದುಗರು, ಬದಿಯಡ್ಕ

ಉತ್ತರ: ಕೊನೆಯದನ್ನು ಮೊದಲು ಮುಗಿಸೋಣ. ಪರೀಕ್ಷಿಸಿ ನೋಡಿದ ಬಟ್ಟಲುಗಳಲ್ಲಿ ಹೆಚ್ಚಿನವು ಕಂಚಿನವು. ತಾಮ್ರ, ತವರ, ಅಷ್ಟೇ. ಏಳು ಗ್ರಹಕ್ಕೆ ಏಳು ಲೋಹ ಎಂಬುದು ಮಾರುವವರ ಮಾತು. ಬೇಸರ ಬೇಡ, ನಮ್ಮ ಯಕ್ಷಗಾನದ ಜಾಗಟೆಯೂ ಕಂಚಿನದ್ದೇ. ತವರ ಜಾಸ್ತಿ ಇರುವ ಕಂಚು ಕಂಪನವನ್ನು ಬೇಗ ನುಂಗುವುದಿಲ್ಲ. ಸದ್ದು ತುಂಬ ಹೊತ್ತು ನಿಲ್ಲುವುದು ಅದಕ್ಕೇ.

ಇನ್ನು ಉಜ್ಜುವ ವಿಷಯ. ಕೋಲು ನುಣ್ಣಗೆ ಜಾರುತ್ತಿದೆ ಎಂದು ಕೈಗೆ ಅನಿಸುತ್ತದೆ, ಅಲ್ವಾ? ಹಾಗಲ್ಲ. ಅದು ಅಂಚಿಗೆ ಕಚ್ಚಿಕೊಳ್ಳುತ್ತದೆ, ಅಂಚನ್ನು ಚೂರು ಎಳೆಯುತ್ತದೆ, ಹಿಡಿತ ತಪ್ಪಿ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಕೋಲಿಗೆ ತೊಗಲು ಸುತ್ತುವುದು ಈ ಹಿಡಿತಕ್ಕಾಗಿ. ಆದರೆ ಯಾವ ಲಯದಲ್ಲಿ ಕಚ್ಚಬೇಕು, ಬಿಡಬೇಕು ಎಂದು ತೀರ್ಮಾನಿಸುವುದು ಬಟ್ಟಲು, ನೀವಲ್ಲ. ಬೇಗ ಸುತ್ತಿಸಿ ನೋಡಿ: ಸದ್ದು ಜೋರಾದೀತು, ಶ್ರುತಿ ಬದಲಾಗದು.

ಆಗ ಬಟ್ಟಲಿನ ಬಾಯಿ ಒಮ್ಮೆ ಉದ್ದಕ್ಕೆ ಮೊಟ್ಟೆಯಾಕಾರ ತಾಳುತ್ತದೆ, ಮರುಕ್ಷಣ ಅಡ್ಡಕ್ಕೆ. ಅಂಚಿನ ನಾಲ್ಕು ಕಡೆ ಒಳಗೆ ಹೊರಗೆ ಜೋರಾಗಿ ಆಡುತ್ತದೆ. ಅವುಗಳ ನಡುವೆ ನಾಲ್ಕು ಕಡೆ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಬುಡ ಅಷ್ಟಾಗಿ ಅಲುಗುವುದಿಲ್ಲ, ಹಾಗಾಗಿ ಅಂಗೈ ಮೇಲಿಟ್ಟರೂ ಹಾಡುತ್ತದೆ. ಬೆರಳು ಪಕ್ಕಕ್ಕೆ ತಾಗಿತೋ, ಕಥೆ ಮುಗಿಯಿತು.

ಏರಿಳಿತಕ್ಕೆ ಎರಡು ಕಾರಣ. ಕೋಲು ಸುತ್ತಿದಂತೆ ಆ ಜೋರಿನ ಜಾಗಗಳೂ ಜೊತೆಗೆ ಸುತ್ತುತ್ತವೆ. ಒಂದೊಂದೂ ನಿಮ್ಮೆದುರು ಹಾದುಹೋಗುವಾಗ ಸದ್ದು ಏರುತ್ತದೆ, ಒಂದು ಸುತ್ತಿಗೆ ನಾಲ್ಕು ಸಲ. ಕೋಲು ತೆಗೆದ ಮೇಲೂ ವೂಂ ವೂಂ ಅಂತ ಕೇಳಿದರೆ ಅದು ಬೇರೆ. ಕೈಯಲ್ಲಿ ತಟ್ಟಿ ಮಾಡಿದ ಬಟ್ಟಲು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಅದರಿಂದ ತೀರಾ ಹತ್ತಿರದ ಎರಡು ಶ್ರುತಿಗಳು ಒಟ್ಟಿಗೆ ಹುಟ್ಟುತ್ತವೆ. ಒಂದು ಸೆಕೆಂಡಿಗೆ 300 ಕಂಪನ, ಇನ್ನೊಂದು 302 ಇದ್ದರೆ, ಸದ್ದು ಸೆಕೆಂಡಿಗೆ 2 ಸಲ ಏರಿ ಇಳಿಯುತ್ತದೆ. ದೇವಸ್ಥಾನದ ದೊಡ್ಡ ಗಂಟೆ ಬಡಿದ ಮೇಲೆ ಗಮನವಿಟ್ಟು ಕೇಳಿ, ಅಲ್ಲೂ ಇದೇ ಇರುತ್ತದೆ.

ಬಟ್ಟಲಿಗೆ ಸ್ವಲ್ಪ ನೀರು ಹಾಕಿ ಉಜ್ಜಿ. ಗೋಡೆಯ ಹತ್ತಿರ ಸಣ್ಣ ಸಣ್ಣ ಅಲೆ ಏಳುತ್ತದೆ. ಜೋರು ಮಾಡಿದರೆ ಹನಿಗಳು ಚಿಮ್ಮುತ್ತವೆ. ಹೀಗೆ ಅಲುಗಾಟದಿಂದ ಏಳುವ ಅಲೆಗಳ ಬಗ್ಗೆ ಫ್ಯಾರಡೆ 1831ರಲ್ಲೇ ಬರೆದಿದ್ದ. ಟೆರ್ವಾನ್ಯೆ ಮತ್ತು ಬುಷ್ ಎಂಬ ವಿಜ್ಞಾನಿಗಳು 2011ರಲ್ಲಿ ಇದೇ ಬಟ್ಟಲುಗಳನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಚಿಮ್ಮಿದ ಹನಿಗಳು ಕೂಡಲೇ ನೀರಿಗೆ ಸೇರದೆ ಅದರ ಮೇಲೆ ಪುಟಿಯುವುದೂ ಉಂಟು. ನೀರು ಹೆಚ್ಚಿಸುತ್ತ ಹೋದರೆ ಶ್ರುತಿ ಇಳಿಯುತ್ತದೆ. ಗೋಡೆ ಆ ನೀರಿನ ಭಾರವನ್ನೂ ಹೊತ್ತು ಅಲುಗಬೇಕಲ್ಲ!